ಡಾಲ್ಟನ್ ಹೆದ್ದಾರಿ ಟೂರ್: ಬ್ರೋಷರಿನಲ್ಲಿ ಆನ್ವಾರ್, ಕಿಟಕಿಯಲ್ಲಿ ಪೈಪ್‌ಲೈನ್

ಮೊದಲು ಬ್ರೋಷರಿನ ವಿಷಯ ಹೇಳಿಬಿಡುತ್ತೇನೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಹೊರಡುವ ಈ ವ್ಯಾನ್ ಟೂರಿನ ಬ್ರೋಷರ್ ಮೇಲೆ ದೊಡ್ಡ ಹಸಿರು ಬಯಲಿದೆ. ಹಿಂದೆ ಬೆಟ್ಟದ ಸಾಲು, ಬಯಲಿನ ತುಂಬ ಕ್ಯಾರಿಬೂ ಜಿಂಕೆಗಳು. ಆರ್ಕ್ಟಿಕ್ ರೆಫ್ಯೂಜ್ ಎಂಬ ವನ್ಯಜೀವಿ ಧಾಮವನ್ನು, ಅಂದರೆ ಇಲ್ಲಿಯವರ ಬಾಯಲ್ಲಿ ಆನ್ವಾರನ್ನು, ಕಣ್ಣಾರೆ ನೋಡಬಹುದು ಅಂತ ಕೆಳಗೆ ಬರೆದಿದೆ. ಆ ಫೋಟೋದಲ್ಲಿರುವ ಬಯಲು ಈ ಟೂರಿನಲ್ಲಿ ಕಾಣುವುದಿಲ್ಲ. ಕಾಣುವುದು ಸಾಧ್ಯವೂ ಇಲ್ಲ. ತೈಲಕ್ಕಾಗಿ ಇಷ್ಟು ವರ್ಷ ಕಿತ್ತಾಟ ನಡೆದಿರುವ ಕರಾವಳಿ ಬಯಲಿಗೆ, ಅಂದರೆ 1002 ಏರಿಯಾಗೆ, ರಸ್ತೆಯೇ ಇಲ್ಲ. ಹೆದ್ದಾರಿ ಮುಗಿಯುವ ಡೆಡ್‌ಹಾರ್ಸ್‌ನಿಂದ ರೆಫ್ಯೂಜಿನ ಪಶ್ಚಿಮ ಗಡಿ ಇನ್ನೂ ಸುಮಾರು 60 ಮೈಲಿ ಪೂರ್ವಕ್ಕಿದೆ. ತಲೆಗೆ ಸಾವಿರ ಡಾಲರಿಗೂ ಜಾಸ್ತಿ ಕೊಡುವವರಿಗೆ ಇಷ್ಟನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?

ಹಾಗಂತ ದುಡ್ಡು ದಂಡ ಅನ್ನುವುದಿಲ್ಲ. ಜಗಳದ ಜಾಗ ತೋರಿಸುತ್ತೇವೆ ಅಂದವರು ಜಗಳದ ಕಾರಣ ತೋರಿಸಿ ಕಳಿಸಿದರು. ನನಗೆ ಅದೇ ಹೆಚ್ಚು ಹಿಡಿಸಿತು. ನಾನು ಆಂಕರೇಜ್‌ನಲ್ಲಿ ಅಕೌಂಟ್ಸ್ ಕೆಲಸ ಮಾಡುವವಳು. ಎಲ್ಲ ನಿವಾಸಿಗಳಂತೆ ನನ್ನ ಖಾತೆಗೂ ವರ್ಷಕ್ಕೊಮ್ಮೆ ಪರ್ಮನೆಂಟ್ ಫಂಡ್ ಡಿವಿಡೆಂಡ್, ಅಂದರೆ ತೈಲದ ದುಡ್ಡಿನ ನಿಧಿಯಿಂದ ರಾಜ್ಯ ಹಂಚುವ ಪಾಲು, ಬಂದು ಬೀಳುತ್ತದೆ. 2022ರಲ್ಲಿ 3,284 ಡಾಲರ್ ಬಂತು, 2025ರಲ್ಲಿ ಬರೀ 1,000. ಈ ದುಡ್ಡಿನ ಮೂಲ ಯಾವುದು ಅಂತ ಒಮ್ಮೆ ನೋಡಬೇಕು ಅನ್ನಿಸಿತ್ತು. ಆಗಸ್ಟ್‌ನಲ್ಲಿ ಹೂಸ್ಟನ್‌ನಿಂದ ಅಕ್ಕ, ಭಾವ ಬಂದಿದ್ದರು. ಭಾವನದು ತೈಲ ಕಂಪನಿಯಲ್ಲಿ ಪೈಪುಗಳದೇ ಕೆಲಸ. ಪಾಪ, ರಜೆಯಲ್ಲೂ ಪೈಪು ನೋಡಲು ಬಂದರು.

ವ್ಯಾನ್ ಹಳೆಯದು, ಆದರೆ ಗಟ್ಟಿ. ಮುಂದಿನ ಗಾಜಿನಲ್ಲಿ ಒಂದು ಉದ್ದ ಬಿರುಕಿತ್ತು. ಈ ದಾರಿಯಲ್ಲಿ ಓಡುವ ಗಾಡಿಗಳಿಗೆ ಅದು ಮಾಮೂಲು. 414 ಮೈಲಿ ಹೆದ್ದಾರಿಯಲ್ಲಿ ಬಹುಪಾಲು ಜಲ್ಲಿ. ಎದುರಿಗೆ ಬರುವ ಟ್ರಕ್ಕುಗಳು ಕಲ್ಲು ಹಾರಿಸಿಕೊಂಡೇ ಹೋಗುತ್ತವೆ. 1974ರಲ್ಲಿ ತೈಲದ ಪೈಪ್‌ಲೈನ್ ಸಾಮಾನು ಸಾಗಿಸಲೆಂದು ಮಾಡಿದ ರಸ್ತೆ ಇದು. ಹಳಬರು ಈಗಲೂ ಹಾಲ್ ರೋಡ್ ಅಂತಲೇ ಕರೆಯುತ್ತಾರೆ. ಡೆಡ್‌ಹಾರ್ಸ್‌ವರೆಗೆ ಜನಸಾಮಾನ್ಯರಿಗೆ ತೆರೆದಿದ್ದು 1994ರಲ್ಲಿ. ಹಿಂದಿನ ಸೀಟಿನಲ್ಲಿ ಕೂತವರಿಗೆ ಸೊಂಟ ಹಿಡಿಯುವುದು ಖಂಡಿತ. ಅಕ್ಕ ಯೂಕಾನ್ ನದಿ ದಾಟುವ ಮೊದಲೇ ಮುಂದಿನ ಸೀಟಿಗೆ ಬಂದಳು.

ಗೈಡ್ ಮತ್ತು ಡ್ರೈವರ್ ಒಬ್ಬರೇ. ಈ ಟೂರಿಗೆ ನಾನು ಕೊಡುವ ಅಂಕಗಳಲ್ಲಿ ಅರ್ಧ ಅವರಿಗೇ ಸೇರಬೇಕು. ಸುಮಾರು ಅರವತ್ತು ವಯಸ್ಸು, ಮೊದಲು ಸ್ಲೋಪಿನಲ್ಲಿ, ಅಂದರೆ ಉತ್ತರದ ತೈಲ ಬಯಲಿನಲ್ಲಿ ಕೆಲಸ ಮಾಡಿದವರು. ಯಾವ ಪಕ್ಷ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಭಾವ ಕೆಣಕಿ ನೋಡಿದರು. ಮೈಕಿನಲ್ಲಿ ಅವರು ಬಾಯಿಪಾಠ ಒಪ್ಪಿಸುವವರಲ್ಲ. ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿತ್ತು. ಸಿಬಿ ರೇಡಿಯೊದಲ್ಲಿ ಟ್ರಕ್ ಡ್ರೈವರುಗಳ ಜೊತೆ ಮಾತು ನಡೆದೇ ಇರುತ್ತಿತ್ತು.

ಪೈಪ್‌ಲೈನ್ ದಾರಿಯುದ್ದಕ್ಕೂ ಪಕ್ಕದಲ್ಲೇ ಬರುತ್ತದೆ. 800 ಮೈಲಿ ಉದ್ದ, 48 ಇಂಚು ಅಗಲ. ಅರ್ಧಕ್ಕೂ ಹೆಚ್ಚು ನೆಲದ ಮೇಲೆ, ಕಂಬಗಳ ಮೇಲೆ, ಅಂಕುಡೊಂಕಾಗಿ. ಬಿಸಿ ತೈಲ ಹೂತ ಪೈಪಿನಲ್ಲಿ ಹರಿದರೆ ಹೆಪ್ಪುಗಟ್ಟಿದ ನೆಲ ಕರಗಿ ಕುಸಿಯುತ್ತದೆ, ಅದಕ್ಕೆ ಹೀಗೆ. 1988ರಲ್ಲಿ ಇದರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಹರಿಯುತ್ತಿತ್ತಂತೆ. ಈಗ 5 ಲಕ್ಷಕ್ಕೂ ಕಡಿಮೆ. ಭಾವ ಪೈಪಿನ ಕೆಳಗೆ ನಿಂತು ತಲೆಯೆತ್ತಿ ನೋಡಿ, "ಇಷ್ಟು ದೊಡ್ಡ ಪೈಪಿನಲ್ಲಿ ಇಷ್ಟು ಕಡಿಮೆ ಹರಿದರೆ ಅದೇ ಒಂದು ತಲೆನೋವು. ತೈಲ ನಿಧಾನವಾಗುತ್ತದೆ, ತಣ್ಣಗಾಗುತ್ತದೆ, ಒಳಗೆ ಮೇಣ ಕಟ್ಟುತ್ತದೆ" ಅಂದರು. ರಾಜ್ಯ ಸರ್ಕಾರ ಹೊಸ ಬಾವಿಗಾಗಿ ಯಾಕೆ ಇಷ್ಟು ಹಟ ಹಿಡಿದಿದೆ ಅಂತ ನನಗೆ ಅಲ್ಲಿಯೇ ಅರ್ಧ ಅರ್ಥವಾಯಿತು.

ಕೋಲ್ಡ್‌ಫುಟ್‌ನಲ್ಲಿ ರಾತ್ರಿ. ರೂಮು ಚಿಕ್ಕದು, ಬಿಸಿನೀರು ಇತ್ತು, ಊಟ ಟ್ರಕ್ಕಿನವರ ಊಟ. ಸಸ್ಯಾಹಾರಿಗಳು ಜೊತೆಗೆ ಏನಾದರೂ ಒಯ್ಯಿರಿ. ರಸ್ತೆಯಾಚೆ ವಿಸಿಟರ್ ಸೆಂಟರ್ ಇದೆ. ಮೂರು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಇಲಾಖೆಗಳು ಸೇರಿ ನಡೆಸುತ್ತವೆ, ಪ್ರವೇಶ ಉಚಿತ. ಟೂರಿನವರು ಇಲ್ಲಿಗೆ ಕೊಟ್ಟ ಸಮಯ ಸಾಲಲಿಲ್ಲ. ಗೋಡೆಯ ಮೇಲಿನ ನಕ್ಷೆ ನೋಡುತ್ತ ನಿಂತಿದ್ದವಳನ್ನು ಹಾರ್ನ್ ಹೊಡೆದು ಕರೆದರು.

ಮರುದಿನ ಅಟಿಗನ್ ಪಾಸ್. ಎತ್ತರ 4,739 ಅಡಿ. ಇಲ್ಲಿಂದಾಚೆ ಮರಗಳೇ ಇಲ್ಲ. ಇಳಿದು ಸ್ವಲ್ಪ ದೂರ ಹೋದರೆ ಅಟಿಗನ್ ಕಣಿವೆಯ ಬಾಯಿ. ರೆಫ್ಯೂಜ್ ರಸ್ತೆಯ ಹತ್ತಿರಕ್ಕೆ ಬರುವುದು ಇಲ್ಲಿ. ಅಂದರೆ ಬ್ರೋಷರಿನವರು ಪೂರ್ತಿ ಸುಳ್ಳು ಹೇಳಿಲ್ಲ. ಗೈಡ್ ವ್ಯಾನ್ ನಿಲ್ಲಿಸಿ, "ನಡೆದು ಹೋಗಿ, ರೆಫ್ಯೂಜಿನಲ್ಲಿ ಕಾಲಿಟ್ಟು ಬನ್ನಿ" ಅಂದರು. ಹೋದೆವು. ಬೇಲಿಯಿಲ್ಲ, ಗೇಟಿಲ್ಲ. ನೆಲ ಒದ್ದೆ, ಕೆಂಪಾಗುತ್ತಿರುವ ಗಿಡಗಳು, ಕಾಲಿಟ್ಟಲ್ಲೆಲ್ಲ ಕುಸಿಯುವ ಹುಲ್ಲಿನ ಗುಪ್ಪೆಗಳು. ಮೇಲೆ ಬಂಡೆಗಳಲ್ಲಿ ಬಿಳಿ ಚುಕ್ಕೆಗಳ ಹಾಗೆ ಡಾಲ್ ಕುರಿಗಳು. ಆದರೆ ಇದು ರೆಫ್ಯೂಜಿನ ಬೆಟ್ಟದ ಭಾಗ. ಇಲ್ಲಿ ಬಾವಿ ಕೊರೆಯುವ ಮಾತೇ ಇಲ್ಲ. ರೆಫ್ಯೂಜ್ ಒಟ್ಟು 1.9 ಕೋಟಿ ಎಕರೆ. ಜಗಳ ನಡೆಯುತ್ತಿರುವುದು ಸಮುದ್ರದಂಚಿನ ಸುಮಾರು 15 ಲಕ್ಷ ಎಕರೆಗೆ.

ಆಮೇಲೆ ದಾರಿಯಲ್ಲಿ ಕ್ಯಾರಿಬೂ ಸಿಕ್ಕವು. ಎಲ್ಲರೂ ಫೋನ್ ಎತ್ತಿದರು. ಗೈಡ್ ಆಗಲೇ ಸ್ಪಷ್ಟ ಮಾಡಿದರು: ಇವು ಸೆಂಟ್ರಲ್ ಆರ್ಕ್ಟಿಕ್ ಹಿಂಡಿನವು, ಬ್ರೋಷರಿನಲ್ಲಿರುವುದು ಪಾರ್ಕ್ಯುಪೈನ್ ಹಿಂಡು. "ಪ್ರುಡೋ ಬೇ ತೈಲ ಬಯಲಿನಲ್ಲಿ ಇಷ್ಟು ವರ್ಷ ತೈಲ ತೆಗೆದರೂ ಈ ಹಿಂಡು ಬದುಕಿದೆಯಲ್ಲ, ರೆಫ್ಯೂಜಿನಲ್ಲಿ ಮಾತ್ರ ಏನು ಕಷ್ಟ?" ಅಂತ ಭಾವ ಕೇಳಿದರು. ಟೀವಿಯಲ್ಲಿ ಸೆನೆಟರುಗಳೂ ಇದನ್ನೇ ಕೇಳುತ್ತಾರೆ. ಗೈಡ್ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಪ್ರುಡೋ ಹತ್ತಿರ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಬಯಲು ತುಂಬ ಅಗಲ. ಹಸುಗಳಿಗೆ, ಅಂದರೆ ತಾಯಿ ಕ್ಯಾರಿಬೂಗಳಿಗೆ, ಗದ್ದಲ ಬೇಡವೆಂದರೆ ಸರಿದು ಹೋಗಲು ಜಾಗವಿದೆ. ಪೂರ್ವದಲ್ಲಿ ಬೆಟ್ಟ ಸಮುದ್ರದ ಹತ್ತಿರಕ್ಕೆ ಒತ್ತಿ ಬರುತ್ತದೆ. ಅಲ್ಲಿ ಬಯಲು ಒಂದು ಪಟ್ಟಿ ಮಾತ್ರ. 2017ರ ಎಣಿಕೆಯಲ್ಲಿ 2 ಲಕ್ಷಕ್ಕೂ ಹೆಚ್ಚು ಪ್ರಾಣಿಗಳಿದ್ದ ಪಾರ್ಕ್ಯುಪೈನ್ ಹಿಂಡು ಜೂನ್‌ನಲ್ಲಿ ಮರಿ ಹಾಕಲು ಬರುವುದು ಅಲ್ಲಿಗೆ. ಭಾವ ಮರುಮಾತಾಡಲಿಲ್ಲ. ಒಪ್ಪಿದರು ಅಂತಲೂ ಹೇಳಲಾರೆ.

ಡೆಡ್‌ಹಾರ್ಸ್ ಊರಲ್ಲ. ಕಂಟೇನರುಗಳು, ಕ್ರೇನುಗಳು, ಜಲ್ಲಿ ದಿಣ್ಣೆಗಳು, ಕೆರೆಗಳು. ಹೋಟೆಲ್ ಬಾಗಿಲಲ್ಲಿ ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಒಳಗೆ ಹೋಗಬೇಕು. ಕಾರ್ಮಿಕರ ಜೊತೆಗೇ ಊಟ. ಮತ್ತೆ ಮತ್ತೆ ಬಡಿಸಿಕೊಳ್ಳಬಹುದು. ಕೋಲ್ಡ್‌ಫುಟ್‌ಗಿಂತ ಊಟ ಎಷ್ಟೋ ವಾಸಿ. ಮದ್ಯ ಸಿಗುವುದಿಲ್ಲ.

ಊಟದ ಮೇಜಿನ ಮೇಲೆ ಗೈಡ್ ನಕ್ಷೆ ಹರಡಿದರು. ಅದೇ ಈ ಟೂರಿನ ಅತ್ಯುತ್ತಮ ಗಂಟೆ, ಮತ್ತು ಅದು ಬ್ರೋಷರಿನಲ್ಲಿ ಇಲ್ಲವೇ ಇಲ್ಲ. ಎಡಗಡೆ ನ್ಯಾಷನಲ್ ಪೆಟ್ರೋಲಿಯಂ ರಿಸರ್ವ್, ಫೆಡರಲ್ ನೆಲ. ಬಲಗಡೆ ರೆಫ್ಯೂಜ್, ಅದೂ ಫೆಡರಲ್. ನಡುವಿನ ತುಂಡು ಅಲಾಸ್ಕಾ ರಾಜ್ಯದ್ದು. 1959ರಲ್ಲಿ ರಾಜ್ಯವಾದಾಗ ತನಗೆ ಬೇಕಾದ ನೆಲ ಆರಿಸಿಕೊಳ್ಳುವ ಹಕ್ಕು ಸಿಕ್ಕಿತು, ರಾಜ್ಯ ಈ ತುಂಡನ್ನು ಆರಿಸಿತು, 1968ರಲ್ಲಿ ಪ್ರುಡೋ ಬೇಯಲ್ಲಿ ತೈಲ ಸಿಕ್ಕಿತು. ಮರುವರ್ಷ ಆಂಕರೇಜ್‌ನಲ್ಲಿ ಒಂದೇ ದಿನದ ಹರಾಜಿನಲ್ಲಿ 90 ಕೋಟಿ ಡಾಲರ್ ಬಂತು. ತನ್ನ ನೆಲದಲ್ಲಿ ತೈಲ ಬತ್ತುತ್ತಿದೆ, ಪಕ್ಕದ ನೆಲ ಫೆಡರಲ್ ಸರ್ಕಾರದ್ದು. ಇಲ್ಲಿಯವರ ಸಿಟ್ಟಿಗೆ ಇದೇ ಬೇರು.

ರೆಫ್ಯೂಜ್ 1960ರಲ್ಲಿ ಐಸೆನ್‌ಹೋವರ್ ಕಾಲದಲ್ಲಿ ಶುರುವಾಯಿತು, 1980ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ದೊಡ್ಡದಾಯಿತು. ಆ ಕಾನೂನು ಕರಾವಳಿ ಬಯಲನ್ನು ಕಾಡುಪ್ರದೇಶ ಅಂತ ಪೂರ್ತಿ ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಪ್ಪಿದರೆ ಮಾತ್ರ ತೈಲ ಅಂತ ಬರೆದು ಬಿಟ್ಟಿತು. 1995ರಲ್ಲಿ ಕಾಂಗ್ರೆಸ್ ಒಪ್ಪಿತು, ಕ್ಲಿಂಟನ್ ವೀಟೋ ಹಾಕಿದರು. 2005ರಲ್ಲಿ ಸೆನೆಟ್‌ನಲ್ಲೇ ಬಿತ್ತು. 2017ರಲ್ಲಿ ತೆರಿಗೆ ಕಾನೂನಿನೊಳಗೆ ಸೇರಿಸಿ ಪಾಸು ಮಾಡಿದರು.

ಇಲ್ಲಿ ನನ್ನ ಅಕೌಂಟೆಂಟ್ ಕಿವಿ ನೆಟ್ಟಗಾಯಿತು. ಅಲಾಸ್ಕಾ ರಾಜ್ಯವಾದಾಗ ಆದ ಕಾನೂನಿನ ಪ್ರಕಾರ ಫೆಡರಲ್ ನೆಲದ ಖನಿಜ ಲೀಸಿನ ಆದಾಯದಲ್ಲಿ 90 ಪರ್ಸೆಂಟ್ ರಾಜ್ಯಕ್ಕೆ. 2017ರ ಕಾನೂನು ಈ ಬಯಲಿಗೆ ಮಾತ್ರ ಅದನ್ನು 50 ಮಾಡಿತು. ಭಾವ ಇದನ್ನು ನಂಬಲಿಲ್ಲ. "ಹಾಗಾದರೆ ರಾಜ್ಯ ಯಾಕೆ ಒಪ್ಪಿಕೊಂಡಿತು?" ಅಂದರು. "ಸೊನ್ನೆಯಲ್ಲಿ 90 ಪರ್ಸೆಂಟ್ ಎಷ್ಟು, ಭಾವ?" ಅಂದೆ. ಗೈಡ್ ನಕ್ಕಿದ್ದು ಆಗ ಒಂದೇ ಸಲ.

ಮೊದಲ ಹರಾಜು ನಡೆದಿದ್ದು 2021ರ ಜನವರಿ 6ರಂದು. ದೊಡ್ಡ ತೈಲ ಕಂಪನಿ ಒಂದೂ ಬರಲಿಲ್ಲ. ದೊಡ್ಡ ಬ್ಯಾಂಕುಗಳು ಆರ್ಕ್ಟಿಕ್ ತೈಲಕ್ಕೆ ಸಾಲ ಕೊಡುವುದಿಲ್ಲ ಅಂತ ಆಗಲೇ ಹೇಳಿಯಾಗಿತ್ತು. ಎರಡು ಸಣ್ಣ ಕಂಪನಿಗಳು ಒಂದೊಂದು ತುಂಡು ಕೊಂಡವು. ಮಿಕ್ಕ 9 ತುಂಡುಗಳಿಗೆ ಅತಿ ಹೆಚ್ಚು ಬೆಲೆ ಕೂಗಿದ್ದು ಐಡಾ, ಅಂದರೆ ರಾಜ್ಯ ಸರ್ಕಾರದ್ದೇ ಕೈಗಾರಿಕಾ ಅಭಿವೃದ್ಧಿ ನಿಗಮ. ಒಟ್ಟು ಬಂದಿದ್ದು 1.44 ಕೋಟಿ ಡಾಲರ್. ಅದರಲ್ಲಿ ಅರ್ಧ ಕಾನೂನಿನಂತೆ ಮತ್ತೆ ರಾಜ್ಯಕ್ಕೇ. ನನ್ನ ಮುಂದೆ ಇಂಥ ಲೆಕ್ಕ ಬಂದರೆ ಎರಡು ಸಲ ಕೂಡಿ ನೋಡುತ್ತೇನೆ. ಆಮೇಲಿನದು ಬರೀ ಕೋರ್ಟು. ಬೈಡನ್ ಸರ್ಕಾರ ಲೀಸುಗಳನ್ನು ತಡೆಹಿಡಿಯಿತು, 2023ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಐಡಾ ಕೋರ್ಟಿಗೆ ಹೋಯಿತು. ಹಾಗೆ ರದ್ದು ಮಾಡಿದ್ದು ತಪ್ಪು ಅಂತ 2025ರ ಮಾರ್ಚ್‌ನಲ್ಲಿ ಆಂಕರೇಜ್‌ನ ಫೆಡರಲ್ ನ್ಯಾಯಾಧೀಶೆ ಶರನ್ ಗ್ಲೀಸನ್ ತೀರ್ಪು ಕೊಟ್ಟರು. ನಡುವೆ ಜನವರಿಯಲ್ಲಿ ಎರಡನೆಯ ಹರಾಜೂ ಆಗಿತ್ತು. ಒಂದೇ ಒಂದು ಬಿಡ್ ಬರಲಿಲ್ಲ. ಷರತ್ತುಗಳು ಬೇಕಂತಲೇ ಅಷ್ಟು ಬಿಗಿ ಅಂತ ರಾಜ್ಯ ಮೊದಲೇ ಕೇಸು ಹಾಕಿತ್ತು. ನಾವು ಟೂರಿನಿಂದ ಬಂದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಟ್ರಂಪ್ ಸರ್ಕಾರ ಇಡೀ ಬಯಲನ್ನು ಲೀಸಿಗೆ ತೆರೆಯಿತು.

ಗೈಡ್ ಹೇಳಿದ್ದರಲ್ಲಿ ನನಗೆ ಅತಿ ಇಷ್ಟವಾಗಿದ್ದು ಡಿಂಕಮ್ ಸ್ಯಾಂಡ್ಸ್ ಕಥೆ. ಪ್ರುಡೋ ಕಡೆಯ ಸಮುದ್ರದಲ್ಲಿ ಒಂದು ಜಲ್ಲಿ ದಿಬ್ಬ ಇದೆ. ಕೆಲವೊಮ್ಮೆ ನೀರಿನ ಮೇಲೆ, ಕೆಲವೊಮ್ಮೆ ಕೆಳಗೆ. ಅದು ದ್ವೀಪವಾದರೆ ಸುತ್ತಲಿನ 3 ಮೈಲಿ ಸಮುದ್ರತಳ ರಾಜ್ಯಕ್ಕೆ, ಅಲ್ಲವಾದರೆ ಫೆಡರಲ್ ಸರ್ಕಾರಕ್ಕೆ. 1979ರಲ್ಲಿ ಶುರುವಾದ ಕೇಸು ಸುಪ್ರೀಂ ಕೋರ್ಟಿನಲ್ಲಿ ಮುಗಿದಿದ್ದು 1997ರಲ್ಲಿ. ದ್ವೀಪವಲ್ಲ ಅಂದರು. ಅದೇ ತೀರ್ಪಿನಲ್ಲಿ ರೆಫ್ಯೂಜಿನ ಕರಾವಳಿಯ ನೀರಿನಡಿಯ ನೆಲವೂ ರಾಜ್ಯಕ್ಕೆ ತಪ್ಪಿತು. ಭಾವ ರಾತ್ರಿ ಮಲಗುವವರೆಗೂ ಇದನ್ನೇ ಹೇಳಿಕೊಂಡು ನಕ್ಕರು.

ಬೆಳಿಗ್ಗೆ ಸಮುದ್ರಕ್ಕೆ ಹೋಗುವ ಶಟಲ್. ತೈಲ ಬಯಲಿನ ಗೇಟಿನಾಚೆ ಸ್ವಂತ ಗಾಡಿ ಬಿಡುವುದಿಲ್ಲ. ಕನಿಷ್ಠ 24 ಗಂಟೆ ಮೊದಲು ಗುರುತಿನ ಚೀಟಿ ವಿವರ ಕೊಟ್ಟಿರಬೇಕು. ನಮ್ಮ ವ್ಯಾನಿನ ಒಬ್ಬರ ವಿವರವನ್ನು ಟೂರಿನವರು ಕಳಿಸಿಯೇ ಇರಲಿಲ್ಲ. ಅವರು ಅಷ್ಟು ದೂರ ಬಂದು ಹೋಟೆಲಿನಲ್ಲೇ ಕೂತರು. ಬುಕ್ ಮಾಡುವಾಗ ಇದನ್ನು ಕೇಳಿ, ಮತ್ತೊಮ್ಮೆ ಕೇಳಿ. ಸಮುದ್ರ ಬೂದು, ನೀರು ಹಲ್ಲು ಕಟಕಟಿಸುವಷ್ಟು ತಣ್ಣಗೆ. ಅಕ್ಕ ಕಾಲು ಇಟ್ಟಳು, ತಕ್ಷಣ ತೆಗೆದಳು.

ಈ ಟೂರಿನಲ್ಲಿ ನಿಜವಾದ ಕೊರತೆ ಬೇರೆಯೇ ಇದೆ. ಅಲ್ಲಿಯ ಜನರ ದನಿ ಎಲ್ಲೂ ಇಲ್ಲ. ಆ ಬಯಲಿನಲ್ಲಿರುವ ಒಂದೇ ಊರು ಕಕ್ಟೊವಿಕ್. 300ಕ್ಕೂ ಕಡಿಮೆ ಜನ, ಹೆಚ್ಚಿನವರು ಇನ್ಯುಪಿಯಾಟ್ ಮೂಲನಿವಾಸಿಗಳು. ಅವರ ಮುಖಂಡರಲ್ಲಿ ಹಲವರು ತೈಲ ಬೇಕು ಅನ್ನುತ್ತಾರೆ. ಶಾಲೆ, ಆಸ್ಪತ್ರೆ, ನಲ್ಲಿನೀರು ಎಲ್ಲ ತೈಲದ ತೆರಿಗೆಯಿಂದ ಬಂದಿದ್ದು ಅಂತ ಅವರ ವಾದ. ಬೆಟ್ಟದ ದಕ್ಷಿಣದ ಗ್ವಿಚಿನ್ ಜನ ಪಾರ್ಕ್ಯುಪೈನ್ ಹಿಂಡನ್ನೇ ನಂಬಿ ಬದುಕುವವರು. ಅವರಿಗೆ ಆ ಬಯಲು ಪವಿತ್ರ, ಬಾವಿ ಬೇಡವೇ ಬೇಡ. ರಾಜ್ಯ ಮತ್ತು ಫೆಡರಲ್ ಅಂತ ಎರಡೇ ಕಡೆ ನೋಡಿದರೆ ಇವರಿಬ್ಬರೂ ಲೆಕ್ಕಕ್ಕೇ ಬರುವುದಿಲ್ಲ. ವ್ಯಾನಿನಲ್ಲಿ ಇವರ ಮಾತು ಬಂದಿದ್ದು ಅಕ್ಕ ಕೇಳಿದ ಮೇಲೆ. ಗೈಡ್ ಚೆನ್ನಾಗಿಯೇ ವಿವರಿಸಿದರು, ಆದರೆ ಯಾರೂ ಕೇಳದಿದ್ದರೆ?

ವಾಪಸು ವಿಮಾನ. ದಕ್ಷಿಣಕ್ಕೆ ಹಾರುವುದರಿಂದ ಎಡಗಡೆ ಕಿಟಕಿ ಹಿಡಿಯಿರಿ, ಪೂರ್ವ ಅಲ್ಲಿದೆ. ಮೋಡ ಇಲ್ಲದಿದ್ದರೆ ರೆಫ್ಯೂಜ್ ಕಡೆಯ ಬೆಟ್ಟಗಳಾದರೂ ಸಿಕ್ಕಾವು. ನಮಗೆ ಸಿಕ್ಕಿದ್ದು ಮೋಡ.

ಬ್ರೋಷರಿನ ಬಗ್ಗೆ ಕಂಪನಿಗೆ ಬರೆದೆ. ಫೋಟೋ ಬರೀ ಉದಾಹರಣೆಗೆ ಅಂತ ಉತ್ತರ ಬಂತು, ಜೊತೆಗೆ ಮುಂದಿನ ಟೂರಿಗೆ ಡಿಸ್ಕೌಂಟ್ ಕೂಪನ್. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಗೈಡ್‌ಗೆ ಐದು, ಆಫೀಸಿಗೆ ಎರಡು. ಕರಾವಳಿ ಬಯಲನ್ನೇ ನೋಡಬೇಕು ಅನ್ನುವವರು ಈ ದುಡ್ಡನ್ನು ಉಳಿಸಿಟ್ಟು ಕಕ್ಟೊವಿಕ್ ವಿಮಾನದ ಟಿಕೆಟ್ ವಿಚಾರಿಸಿ. ಪೈಪ್‌ಲೈನ್, ಟ್ರಕ್ಕು, ನಕ್ಷೆ, ವಾದ ಇಷ್ಟವಾದರೆ ಇದನ್ನೇ ಬುಕ್ ಮಾಡಿ. ಕೂಪನ್ ಭಾವನಿಗೆ ಕೊಟ್ಟಿದ್ದೇನೆ, ಅವರಿಗೆ ಚಳಿಗಾಲದಲ್ಲಿ ಇನ್ನೊಮ್ಮೆ ಹೋಗಬೇಕಂತೆ.