ಒಂದೂವರೆ ವರ್ಷದ ಆನ್‌ಲೈನ್ ಜಪಾನೀಸ್ ಕ್ಲಾಸು: ಹಬ್ಬಗಳೇ ಕಲಿಸಿದ್ದು ಜಾಸ್ತಿ

ವಾರಕ್ಕೆ ಎರಡು ದಿನ, ಒಂದೊಂದು ಗಂಟೆ. ಕ್ಲಾಸಿಗೆ ದುಡ್ಡು ಕಟ್ಟಬೇಕು. ಪುಸ್ತಕ ಮಾತ್ರ ಜಪಾನ್ ಫೌಂಡೇಶನ್‌ನವರ ‘ಇರೊದೋರಿ’. ಅದರ ಪಿಡಿಎಫ್, ಆಡಿಯೋ ಎರಡೂ ಪುಕ್ಕಟೆ ಸಿಗುತ್ತವೆ.

ಜಪಾನೀಸಿನಲ್ಲಿ ಉಚ್ಚಾರ ಬರೆಯುವ ಲಿಪಿ ಎರಡು: ಹಿರಗಾನ 46, ಕತಕಾನ 46 ಅಕ್ಷರ. ಉರುಹೊಡೆಯಲು ಎರಡು ತಿಂಗಳು ಬೇಕಾಯಿತು. ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ಕನ್ನಡದಲ್ಲಿ ಬರೆದುಕೊಂಡೆ. ‘ಮಿಜು ಒ ನೊಮಿಮಸ್’: ನೀರು, ಅನ್ನು, ಕುಡಿಯುತ್ತೇನೆ. ಪದಗಳ ಸಾಲು ನಮ್ಮದೇ! ‘ತಬೆತೆ ಮಿರು’ ಅಂದರೆ ‘ತಿಂದು ನೋಡು’. ‘ಮಿರು’ ಅಂದರೂ ನೋಡುವುದೇ. ವಾಕ್ಯದ ಕೊನೆಗೆ ಸೇರುವ ‘ನೆ’ ನಮ್ಮ ‘ಅಲ್ವಾ’. ಕನ್ನಡ ಬಲ್ಲವರು ದಯವಿಟ್ಟು ಇಂಗ್ಲಿಷ್ ಸುತ್ತಿಕೊಂಡು ಹೋಗಬೇಡಿ.

ನಾನು ಈ ಕ್ಲಾಸು ಬಿಡದೆ ಉಳಿದದ್ದು ಹಬ್ಬದ ಪಾಠಗಳಿಂದ. ಫೆಬ್ರವರಿ ಶುರುವಿನ ಸೆತ್ಸುಬುನ್ ದಿನ ಹುರಿದ ಸೋಯಾ ಕಾಳು ಎರಚಿ ‘ಓನಿ ವ ಸೊತೊ, ಫುಕು ವ ಉಚಿ’ ಅಂತ ಕೂಗುತ್ತಾರೆ. ದೆವ್ವ ಹೊರಗೆ, ಭಾಗ್ಯ ಒಳಗೆ. ಒಳಗೆ, ಹೊರಗೆ ಎರಡೂ ಪದ ಅವತ್ತೇ ಬಾಯಿಗೆ ಹತ್ತಿದವು. ಆಮೇಲೆ ವಯಸ್ಸಿನಷ್ಟು ಕಾಳು ಎಣಿಸಿ ತಿನ್ನಬೇಕು. ಅಂಕಿಗಳನ್ನು ನಾನು ಕಲಿತದ್ದು ಹಾಗೆ, ನಮ್ಮ ಹುರಿಗಡಲೆ ಎಣಿಸಿಕೊಂಡು.

ಮಾರ್ಚ್ 3ರ ಗೊಂಬೆ ಹಬ್ಬ ಹಿನಾಮತ್ಸುರಿಯ ಪಾಠದಲ್ಲಂತೂ ಕಣ್ಣು ತುಂಬಿ ಬಂತು. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲೆ ರಾಜ ರಾಣಿ, ಕೆಳಗೆ ಸಖಿಯರು, ವಾದ್ಯದವರು. ಅಮ್ಮ ದಸರೆಗೆ ಕೂರಿಸುತ್ತಿದ್ದ ಪಟ್ಟದ ಗೊಂಬೆಗಳೇ ಕಣ್ಣ ಮುಂದೆ ಬಂದವು. ಅಲ್ಲಿ ಹಬ್ಬ ಮುಗಿದ ಮೇಲೆ ಗೊಂಬೆ ಎತ್ತಿಡಲು ತಡಮಾಡಿದರೆ ಮಗಳ ಮದುವೆ ತಡ ಅನ್ನುವ ನಂಬಿಕೆ ಇದೆ. ನಮ್ಮ ಗೊಂಬೆಗಳ ಬಗ್ಗೆ ನಾನು ತಡವರಿಸುತ್ತಾ ನಾಲ್ಕು ವಾಕ್ಯ ಹೇಳಿದೆ. ಟೀಚರ್ ಪೂರ್ತಿ ಕೇಳಿ, ಆಮೇಲೆ ತಿದ್ದಿದರು.

ಬೇಸರವೂ ಇದೆ. ಬ್ಯಾಚಿನಲ್ಲಿ ಹನ್ನೆರಡು ಜನ, ಮಾತಾಡುವ ಸರದಿ ಬರುವುದೇ ಕಷ್ಟ. ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳನ್ನು ತುಂಬಾ ಅವಸರದಲ್ಲಿ ಮುಗಿಸಿದರು. ಒಂದು ವರ್ಷದ ನಂತರ ಜಪಾನೀಸ್ ಭಾಷಾ ಪರೀಕ್ಷೆಯ ಮೊದಲ ಹಂತ ಎನ್5ರ ತಯಾರಿ ಶುರುವಾಗಿ ಹಬ್ಬದ ಪಾಠಗಳು ನಿಂತೇಹೋದವು. ಆ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ. ಕೆಲಸಕ್ಕೆ ಸರ್ಟಿಫಿಕೇಟ್ ಬೇಕಾದವರಿಗೆ ಅದು ಸರಿ. ನನಗೆ ಮಾತು ಬೇಕಿತ್ತು.

ಮುಂದಿನ ಆರು ತಿಂಗಳಿಗೂ ಫೀಸು ಕಟ್ಟಿದ್ದೇನೆ. ಈ ಸಲ ಪರೀಕ್ಷೆಯ ಬ್ಯಾಚಿಗಲ್ಲ, ನಾಲ್ಕೇ ಜನರಿರುವ ಮಾತುಕತೆಯ ಬ್ಯಾಚಿಗೆ.