ಐಬಿಎಂ ಐನ ‘ಆಬ್ಜೆಕ್ಟ್ ಸ್ಟ್ಯಾಟಿಸ್ಟಿಕ್ಸ್’: ಆರು ವರ್ಷ ಬಳಸಿದ ಮೇಲೆ

1988ರಲ್ಲಿ ಎಎಸ್/400 ಆಗಿ ಬಂದು ಇಂದು ಐಬಿಎಂ ಐ ಎನಿಸಿಕೊಂಡಿರುವ, ವ್ಯವಹಾರಗಳಿಗೆಂದೇ ಇರುವ ಕಂಪ್ಯೂಟರ್ ವ್ಯವಸ್ಥೆಯಲ್ಲೇ ನಮ್ಮ ಕಚೇರಿಯ ಲೆಕ್ಕಪತ್ರವೆಲ್ಲ ನಡೆಯುತ್ತದೆ. ಡಿಸ್ಕ್ ಬಳಕೆ ಶೇ. 90ರ ಮಿತಿ ದಾಟಿ ಎಚ್ಚರಿಕೆಯ ಸಂದೇಶಗಳು ಬರತೊಡಗಿದಾಗ, ಬೇರೆ ಸಾಫ್ಟ್‌ವೇರ್ ಕೊಳ್ಳುವ ಬದಲು ಅದರೊಳಗೇ ಇರುವ ‘ಆಬ್ಜೆಕ್ಟ್ ಸ್ಟ್ಯಾಟಿಸ್ಟಿಕ್ಸ್’ ಎಂಬ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಸೌಲಭ್ಯವನ್ನು ನೆಚ್ಚಿಕೊಂಡೆವು.

ಒಂದೇ ಕ್ವೆರಿಗೆ, ಅಂದರೆ ಪ್ರಶ್ನೆಗೆ, ಇಡೀ ಲೈಬ್ರರಿಯ (ಫೋಲ್ಡರ್‌ನಂಥ ಗುಂಪು) ಫೈಲು, ಪ್ರೋಗ್ರಾಂ ಮೊದಲಾದ ಆಬ್ಜೆಕ್ಟ್‌ಗಳ ಗಾತ್ರ, ಕೊನೆಯ ಬಳಕೆಯ ದಿನಾಂಕ ಮತ್ತು ಎಷ್ಟು ದಿನ ಬಳಕೆಯಾಗಿದೆ ಎಂಬ ಎಣಿಕೆ ಸಾಲಾಗಿ ಬರುತ್ತವೆ. ಪ್ರತಿರಾತ್ರಿಯ ಬ್ಯಾಕಪ್‌ನಿಂದ ಈ ದಿನಾಂಕ ಬದಲಾಗದಿರುವುದು ದೊಡ್ಡ ಅನುಕೂಲ. ಗಾತ್ರದ ಪ್ರಕಾರ ಜೋಡಿಸಿದ ಮೊದಲ ಪಟ್ಟಿಯ ಮೇಲ್ತುದಿಯಲ್ಲೇ, ಯಾರೋ ಪರೀಕ್ಷೆಗೆಂದು ಮಾಡಿಟ್ಟು ಮರೆತಿದ್ದ, ಹೆಸರಿನ ಕೊನೆಗೆ ‘ಓಲ್ಡ್’ ಎಂದು ಅಂಟಿಸಿದ್ದ ಪ್ರತಿಗಳು ಸಿಕ್ಕವು. ಹೆಸರಿಗೆ ಹತ್ತೇ ಅಕ್ಷರಗಳ ಮಿತಿಯಿರುವಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಬಯಸುವುದೂ ತಪ್ಪು.

ಆದರೆ ದಿನಾಂಕದ ಅಂಕಣ ಖಾಲಿಯಿದ್ದರೆ ಬಳಕೆಯೇ ಇಲ್ಲವೆಂದು ತಿಳಿದದ್ದು ನನ್ನ ತಪ್ಪು. ಆಬ್ಜೆಕ್ಟ್‌ಗಳನ್ನು ಬ್ಯಾಕಪ್‌ನಿಂದ ಹೊಸ ಸರ್ವರ್‌ಗೆ ರಿಸ್ಟೋರ್ ಮಾಡಿದಾಗ ಹಳೆಯ ಬಳಕೆಯ ಮಾಹಿತಿ ಜೊತೆಗೆ ಬರುವುದಿಲ್ಲ; ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಸರ್ವರ್ ಬದಲಿಸಿದ ಕೆಲವೇ ತಿಂಗಳಲ್ಲಿ ನಾನು ‘ಬಳಕೆಯಲ್ಲಿಲ್ಲ’ ಎಂದು ಗುರುತು ಹಾಕಿದ್ದ ಫೈಲೊಂದು ವರ್ಷಾಂತ್ಯದ ಲೆಕ್ಕಕ್ಕೆ ಮಾತ್ರ ಬೇಕಾಗುವಂಥದ್ದು. ಪುಣ್ಯಕ್ಕೆ ಅಳಿಸಿರಲಿಲ್ಲ, ಹೆಸರು ಬದಲಿಸಿದ್ದೆನಷ್ಟೇ. ವರ್ಷಾಂತ್ಯದ ಲೆಕ್ಕ ಓಡಿದ ರಾತ್ರಿ ಆ ಜಾಬ್ ‘ಸಿಪಿಎಫ್4101’, ಅಂದರೆ ಫೈಲ್ ಸಿಗಲಿಲ್ಲ ಎಂಬ ಸಂದೇಶ ಕೊಟ್ಟು ನಿಂತಿತು. ಹಳೆಯ ಹೆಸರು ಮರಳಿಸಿ ಮತ್ತೆ ಓಡಿಸಿದೆ. ಅಂದಿನಿಂದ ಹದಿಮೂರು ತಿಂಗಳ ದಾಖಲೆ ಕೈಯಲ್ಲಿರದೆ ಯಾವುದನ್ನೂ ಮುಟ್ಟುವುದಿಲ್ಲ. ಆ ಮೇಲೂ ಮೊದಲು ಹೆಸರು ಬದಲಾವಣೆ, ನಂತರ ಸೇವ್ ಫೈಲ್‌ಗೆ (ಬ್ಯಾಕಪ್ ಇಡುವ ಫೈಲ್) ಒಂದು ಪ್ರತಿ, ಕೊನೆಗೆ ಡಿಲೀಟ್.

ದತ್ತಾಂಶವನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳ ವಿಷಯದಲ್ಲಿ ಈ ಪಟ್ಟಿಯೊಂದನ್ನೇ ನಂಬುವಂತಿಲ್ಲ. ಯಾವ ಪ್ರೋಗ್ರಾಮೂ ನೇರವಾಗಿ ತೆರೆಯದ ಇಂಡೆಕ್ಸನ್ನು ಕ್ವೆರಿ ಓಡುವ ದಾರಿಯನ್ನು ಆರಿಸುವ ಎಸ್‌ಕ್ಯೂಎಲ್ ಆಪ್ಟಿಮೈಜರ್ ದಿನವೂ ಬಳಸುತ್ತಿರಬಹುದು. ಅದಕ್ಕಾಗಿ ಇಂಡೆಕ್ಸ್ ಅಂಕಿಅಂಶಗಳಲ್ಲಿರುವ ‘ಲಾಸ್ಟ್ ಕ್ವೆರಿ ಯೂಸ್’ ಅಂಕಣವನ್ನು ಪ್ರತ್ಯೇಕವಾಗಿ ನೋಡಬೇಕು. ದತ್ತಾಂಶವನ್ನೇ ಹೊಂದಿರುವ ಫಿಸಿಕಲ್ ಫೈಲ್‌ನ ಮೇಲೆ, ಅದನ್ನು ಬೇರೆ ಕ್ರಮದಲ್ಲಿ ತೋರಿಸುವ ಲಾಜಿಕಲ್ ಫೈಲ್‌ಗಳು ಕುಳಿತಿದ್ದರೆ ಅವನ್ನು ತೆಗೆಯದೆ ಅದನ್ನು ಅಳಿಸಲಾಗದು.

ಇನ್ನೊಂದು ಕೊರತೆಯೂ ಇದೆ. ದಿನವೂ ಬಳಕೆಯಲ್ಲಿರುವ ಫೈಲ್‌ನೊಳಗೆ ಡಿಲೀಟ್ ಆದ ರೆಕಾರ್ಡ್‌ಗಳು ಹಿಡಿದಿಟ್ಟಿರುವ ಜಾಗದ ಸುಳಿವು ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಎಸ್‌ಕ್ಯೂಎಲ್ ಇಲ್ಲದೆ ಹಳೆಯ ರೀತಿಯಲ್ಲಿ ರಚಿಸಿದ ಫೈಲ್‌ಗಳು, ನಾವು ಹೇಳದ ಹೊರತು, ಆ ಜಾಗವನ್ನು ಮರುಬಳಸುವುದಿಲ್ಲವಾದ್ದರಿಂದ, ರೀಆರ್ಗನೈಜ್ (ರೆಕಾರ್ಡ್‌ಗಳನ್ನು ಒತ್ತಾಗಿ ಮರುಜೋಡಿಸುವುದು) ಮಾಡಿದಾಗಲೇ ಅದು ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಅನಾಥ ಫೈಲ್‌ಗಳನ್ನು ಅಳಿಸಿ ಉಳಿಸಿದ್ದಕ್ಕಿಂತ, ಹೀಗೆ ನಾಲ್ಕು ಟ್ರಾನ್ಸಾಕ್ಷನ್ ಫೈಲ್‌ಗಳಿಂದ ಮರಳಿ ಪಡೆದ ಜಾಗವೇ ಹೆಚ್ಚು.