ಅಡಿಕೆ ಸುಲಿಯುವ ಜಗಲಿಯಿಂದ: ನಾಲ್ಕು ದಶಕದ ಸ್ಟಾರ್ ಟ್ರೆಕ್ ಬಳಕೆದಾರನ ವಿಮರ್ಶೆ

ಮಿಕ್ಸಿ, ಪಂಪ್‌ಸೆಟ್ಟುಗಳ ಬಗ್ಗೆ ಬರೆಯುವವರು ‘ಆರು ತಿಂಗಳಿಂದ ಬಳಸುತ್ತಿದ್ದೇನೆ’ ಎಂದು ಶುರು ಮಾಡುತ್ತಾರೆ. ನಾನು ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಹಡಗಿನ ಟಿವಿ ಸರಣಿಯನ್ನು ಬಳಸಲು ತೊಡಗಿ ನಾಲ್ಕು ದಶಕವಾಗುತ್ತ ಬಂತು. ಎಂಬತ್ತರ ದಶಕದಲ್ಲಿ ಅದು ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಇದ್ದಿದ್ದರೂ ಗುಡ್ಡದ ಮರೆಯಲ್ಲಿ ಚಿತ್ರ ಮೂಡುತ್ತಿರಲಿಲ್ಲ. ರಜೆಗೆಂದು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಅತ್ತೆಯ ಮನೆಗೆ ಹೋದಾಗ ಮಾತ್ರ ಹಡಗಿನ ಅಧಿಕಾರಿ, ಅನ್ಯಗ್ರಹದ ಸ್ಪಾಕ್‌ನ ಚೂಪುಕಿವಿಯ ದರ್ಶನ. ಈ ಸರಣಿಯಲ್ಲಿ ಕೆಂಪಂಗಿ ತೊಟ್ಟು ಹೊಸ ಗ್ರಹಕ್ಕೆ ಇಳಿದವನು ತಿರುಗಿ ಬರುವುದಿಲ್ಲ ಎಂಬುದು ಜಗತ್ತಿಗೇ ಗೊತ್ತಿರುವ ತಮಾಷೆ. ಅತ್ತೆಯದು ಕಪ್ಪು ಬಿಳುಪು ಪೆಟ್ಟಿಗೆ. ನನಗೆ ಆ ತಮಾಷೆ ತಲುಪಿದ್ದು ಹತ್ತು ವರ್ಷ ತಡವಾಗಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮೂಲ ಸರಣಿ 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾಯಿತು; 79 ಕಂತು ಮುಗಿಯುವಷ್ಟರಲ್ಲಿ ವಾಹಿನಿಯವರು ಬಾಗಿಲು ಮುಚ್ಚಿದರು. 1987ರಲ್ಲಿ ‘ದಿ ನೆಕ್ಸ್ಟ್ ಜನರೇಷನ್’ ಬಂತು. ಏಳು ವರ್ಷ, 178 ಕಂತು. ಆಮೇಲೆ ‘ಡೀಪ್ ಸ್ಪೇಸ್ ನೈನ್’, ‘ವಾಯೇಜರ್’, ಹೀಗೆ ಬಳ್ಳಿ ಹಬ್ಬುತ್ತಲೇ ಇದೆ. ಸಿನಿಮಾಗಳ ವಿಚಾರ ಬೇಡ, ಅವು ಬೇರೆಯೇ ಪದಾರ್ಥ.

ನನ್ನ ತಕರಾರೂ ಮೆಚ್ಚುಗೆಯೂ ಒಂದೇ ಕಡೆಯಿಂದ ಹುಟ್ಟಿದವು. ಸುಮಾರು ಹದಿನೈದು ವರ್ಷದ ಹಿಂದೆ, ಕೊನೆಕೊಯ್ಲಿನ ಸಮಯ. ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಏಳೆಂಟು ಜನ ಅಡಿಕೆ ಸುಲಿಯುತ್ತಿದ್ದರು. ನಿದ್ದೆ ಬಾರದಿರಲೆಂದು ಟಿವಿಯನ್ನು ಕಿಟಕಿಯತ್ತ ತಿರುಗಿಸಿ ಒಂದು ಡಿವಿಡಿ ಹಾಕಿದೆ. ‘ದಿ ಮೆಷರ್ ಆಫ್ ಎ ಮ್ಯಾನ್’, ‘ನೆಕ್ಸ್ಟ್ ಜನರೇಷನ್’ನ 1989ರ ಕಂತು. ಡೇಟಾ ಎಂಬ ಯಂತ್ರಮಾನವ ಹಡಗಿನಲ್ಲಿ ಅಧಿಕಾರಿ. ಅವನನ್ನು ಬಿಚ್ಚಿ ನೋಡಬೇಕೆಂದು ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಸಂಸ್ಥೆಯ ಸ್ವತ್ತೋ, ತನ್ನ ಪಾಡಿಗೆ ತೀರ್ಮಾನಿಸಬಲ್ಲ ಜೀವವೋ ಎಂದು ವಿಚಾರಣೆ ನಡೆಯುತ್ತದೆ. ನಾಯಕ ಪಿಕಾರ್ಡ್ ಡೇಟಾನ ಪರ. ವಿರುದ್ಧ ವಾದಿಸುವ ಕರ್ಮ ಡೇಟಾನ ಗೆಳೆಯ ರೈಕರ್‌ನ ತಲೆಗೆ ಬೀಳುತ್ತದೆ. ಅವನು ಒಲ್ಲೆ ಎಂದರೆ ಡೇಟಾ ಸ್ವತ್ತೆಂದೇ ತೀರ್ಪು.

ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಅಪ್ಪ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹುಚ್ಚಿನವರು; ವಾಲಿವಧೆ, ಕರ್ಣಭೇದನ ಎಂದರೆ ಹತ್ತು ಮೈಲಿ ನಡೆದು ಹೋಗಿ ಕೇಳಿದವರು. ರೈಕರ್ ಎದ್ದು ಡೇಟಾನ ಮುಂಗೈಯನ್ನು ಕಳಚಿ ತೆಗೆದ. ಆಮೇಲೆ ಬೆನ್ನ ಹಿಂದೆ ಕೈಹಾಕಿ ಗುಂಡಿ ಒತ್ತಿದ. ಡೇಟಾ ಮೇಜಿನ ಮೇಲೆ ಮುಖವಡಿಯಾಗಿ ಬಿದ್ದ. ಜಗಲಿಯಲ್ಲಿ ಕತ್ತಿಗಳ ಸದ್ದು ನಿಂತಿತು. ಅಪ್ಪ, “ಇವನದು ಶಲ್ಯನ ಅವಸ್ಥೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲ, ಶಲ್ಯನಿಗೆ ಕರ್ಣನ ರಥದಲ್ಲಿ ಕುಳಿತೇ ಅವನ ಧೈರ್ಯ ಕೆಡಿಸುವ ದಾರಿಯಾದರೂ ಇತ್ತು. ಇವನಿಗೆ ಅದನ್ನೂ ಮುಚ್ಚಿದ್ದಾರೆ” ಎಂದರು. ನಿಜ. ರೈಕರ್ ಬೇಕೆಂದೇ ಸೋಲುವ ಹಾಗಿಲ್ಲ. ಮನಸ್ಸಿಟ್ಟು ವಾದಿಸದಿದ್ದರೆ ಅಲ್ಲೇ ಗೆಳೆಯನ ಕಥೆ ಮುಗಿಯುತ್ತದೆ. ಇಪ್ಪತ್ತು ಸಲ ನೋಡಿದ್ದ ನನಗೆ ಹೊಳೆಯದ್ದು ಮೊದಲ ಸಲ ನೋಡಿದವರಿಗೆ ಹೊಳೆಯಿತು. ತನಗೊಪ್ಪದ ಪಾತ್ರಕ್ಕೂ ಕುಂದಿಲ್ಲದೆ ಅರ್ಥ ಹೇಳುವವನೇ ಅರ್ಥಧಾರಿ ಎಂಬುದು ಅವರಿಗೆ ಹಾಲಿನ ಜೊತೆ ಬಂದ ತಿಳಿವಳಿಕೆ.

ಅಂದಿನಿಂದ ನನ್ನ ಅಳತೆಗೋಲೂ ಅದೇ ಆಯಿತು. ಸ್ಟಾರ್ ಟ್ರೆಕ್ ಚೆನ್ನಾಗಿರುವುದು ಅದು ತಾಳಮದ್ದಳೆಯಾದಾಗ: ಒಂದು ಕೋಣೆ, ನಾಲ್ಕು ಕುರ್ಚಿ, ಎದುರಾಳಿಯ ಮಾತಿಗೂ ಪೂರ್ತಿ ತೂಕ. ಇದಕ್ಕೆ ಅರ್ಧ ಕಾರಣ ಬಡತನ ಎಂದು ನನ್ನ ಗುಮಾನಿ. ಪ್ರತಿ ವಾರ ಹಡಗನ್ನು ಗ್ರಹಕ್ಕೆ ಇಳಿಸಿ ತೋರಿಸಲು ದುಡ್ಡಿಲ್ಲದೆಯೇ ಮನುಷ್ಯರನ್ನು ಮಿಣಮಿಣ ಕರಗಿಸಿ ಇನ್ನೊಂದು ಕಡೆ ಮೂಡಿಸುವ ಯಂತ್ರವನ್ನು ಕಲ್ಪಿಸಿಕೊಂಡವರು ಅವರು. ವೇಷವೂ ಇಲ್ಲವೆಂದಲ್ಲ. ಹಣೆಯ ತುಂಬ ಏಣುಗಳಿರುವ, ಕ್ಲಿಂಗಾನರೆಂಬ ಅನ್ಯಗ್ರಹದವರು ಪರದೆಯ ಮೇಲೆ ಬಂದರೆ ನಮ್ಮ ಸುಲಿಯುವವರು ‘ಬಣ್ಣದ ವೇಷ ಬಂತು’ ಎಂದು ಸರಿದು ಕೂರುತ್ತಿದ್ದರು.

ಹೊಸ ಸರಣಿಗಳು ಕಾಲಮಿತಿ ಯಕ್ಷಗಾನದಂತೆ. ಹಿಂದೆ ವರ್ಷಕ್ಕೆ 26 ಕಂತು. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ಗೆ ಈಗ ಹತ್ತು. ಇಪ್ಪತ್ತಾರರಲ್ಲಿ ಏಳೆಂಟು ಜೊಳ್ಳು ಇರುತ್ತಿದ್ದವು, ಒಪ್ಪುತ್ತೇನೆ. ಆದರೆ ಬೆಳಗಿನ ಜಾವದ ತೂಕಡಿಕೆಯ ನಡುವೆ ಸಿಗುವ ಒಂದು ಪದ್ಯಕ್ಕೆ ರಾತ್ರಿಯಿಡೀ ಕೂತವನಿಗೆ ಜೊಳ್ಳೂ ಲೆಕ್ಕದಲ್ಲಿಯೇ ಸೇರಿದ್ದು. ‘ಡಿಸ್ಕವರಿ’ಯಲ್ಲಿ ಎಲ್ಲರೂ ಸದಾ ಓಡುತ್ತಾರೆ, ಅಳುತ್ತಾರೆ, ಯಾರೂ ಕುಳಿತು ಮಾತನಾಡುವುದಿಲ್ಲ. ನಾನು ಚಂದಾ ಕಟ್ಟಿದ್ದ ಸೇವೆ ಅದನ್ನು 2021ರ ನವೆಂಬರ್‌ನಲ್ಲಿ, ನಾಲ್ಕನೆಯ ಭಾಗ ಶುರುವಾಗಲು ಎರಡು ದಿನವಿರುವಾಗ, ತೆಗೆದುಹಾಕಿತು. ಮೆಚ್ಚದ ಸರಣಿ ಹೋದದ್ದಕ್ಕೂ ಅಷ್ಟು ಸಿಟ್ಟು ಬರುತ್ತದೆಂದು ಆ ದಿನ ತಿಳಿಯಿತು.

ಇನ್ನೊಂದು ದೂರು ಚಿತ್ರದ್ದು. ‘ನೆಕ್ಸ್ಟ್ ಜನರೇಷನ್’ ಅನ್ನು ಮೂಲ ಫಿಲ್ಮಿನಿಂದ ಹೊಸದಾಗಿ ತೆಗೆದು ಬ್ಲೂ-ರೇ ಮಾಡಿದರು. ಪಿಕಾರ್ಡ್‌ನ ಅಂಗಿಯ ಹೊಲಿಗೆಯೂ ಕಾಣುತ್ತದೆ. ‘ಡೀಪ್ ಸ್ಪೇಸ್ ನೈನ್’ಗೆ ಆ ಭಾಗ್ಯ ಬಂದಿಲ್ಲ. ಕಥೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ದೊಡ್ಡ ಟಿವಿಯಲ್ಲಿ ಆಗುಂಬೆಯ ಜುಲೈ ತಿಂಗಳಂತೆ ಮಸುಕು. ಇನ್ನು ಭಾಷೆ: ಕ್ಲಿಂಗಾನ್‌ಗೆ 1985ರಲ್ಲೇ ನಿಘಂಟು ಅಚ್ಚಾಯಿತು, ನನ್ನ ಕೈಗೆ ಬಂದ ಯಾವ ಪ್ರತಿಯಲ್ಲೂ ಕನ್ನಡದ ಅಡಿಬರಹ ಇರಲಿಲ್ಲ. ಅಪ್ಪನ ಪಾಲಿಗೆ ಅಡಿಬರಹ ನಾನೇ.

ಹೊಸಬರು ‘ನೆಕ್ಸ್ಟ್ ಜನರೇಷನ್’ನ ಮೂರನೆಯ ವರ್ಷದಿಂದ ಶುರು ಮಾಡಲಿ. ಮೊದಲ ವರ್ಷ ನನಗೇ ಸಹಿಸಲಾಗುವುದಿಲ್ಲ. ಎರಡನೆಯ ವರ್ಷದಲ್ಲಿ ಡೇಟಾನ ವಿಚಾರಣೆಯೊಂದನ್ನು ನೋಡಿಕೊಂಡರೆ ಸಾಕು. ಮಲೆನಾಡಿನವರಾದರೆ ಡಿವಿಡಿಗಳನ್ನು ಕಪಾಟಿನಲ್ಲಿ ಇಡಬೇಡಿ. ನನ್ನ ಅರ್ಧ ಸಂಗ್ರಹಕ್ಕೆ ಎರಡೇ ಮಳೆಗಾಲದಲ್ಲಿ ಬೂಸಲು ಹಿಡಿಯಿತು. ಈಗ ಉಳಿದವು ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಯಲ್ಲಿವೆ. ಡೇಟಾನ ಕಂತಿರುವ ತಟ್ಟೆಯನ್ನು ಮಾತ್ರ ಅಪ್ಪ ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಒಯ್ದಿದ್ದಾರೆ, ಒಣಗಿಸಿದ ಮುರುಗಲು ಸಿಪ್ಪೆಯ ಭರಣಿಯ ಪಕ್ಕಕ್ಕೆ. ಹಾಕಿದಾಗಲೆಲ್ಲ ಪೆಟ್ಟಿಗೆ ಸ್ವಲ್ಪ ಹೊಗೆ ವಾಸನೆ ಹೊಡೆಯುತ್ತದೆ.